ಕಣ್ಣೀರು ಸಾಕು, ಆ ಹುಡುಗನ ಮಾತಾಡಿ

ಮೊನ್ನೆ ಭಾನುವಾರ ಸಂಜೆ ಬೆಂಗಳೂರಿನ ಒಂದು ಮನೆಯಲ್ಲಿ ಹತ್ತು ಹನ್ನೆರಡು ಓದುಗರು ಸೇರಿದ್ದೆವು. ಅಮೆರಿಕದ ಕಪ್ಪು ನಟಿ ವಯೋಲಾ ಡೇವಿಸ್ 2022ರಲ್ಲಿ ಪ್ರಕಟಿಸಿದ ಆತ್ಮಕಥೆ ‘ಫೈಂಡಿಂಗ್ ಮಿ’ ಬಗ್ಗೆ ಚರ್ಚೆ. ಚರ್ಚೆ ಅಂದೆನೆ? ಅಳು. ಹಸಿವಿನಿಂದ ಆಸ್ಕರ್‌ವರೆಗೆ ಬಂದ ಹೆಣ್ಣು, ಎಂಥಾ ಛಲ ಅಂತ ಒಬ್ಬರಾದ ಮೇಲೊಬ್ಬರು ಕಣ್ಣೊರೆಸಿಕೊಂಡರು. ಒಬ್ಬರು ಮಾತ್ರ, ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡದ್ದು, ನಾರುತ್ತಾ ಶಾಲೆಗೆ ಹೋದದ್ದು ಇದನ್ನೆಲ್ಲ ಅಷ್ಟು ಬಿಡಿಸಿ ಬರೀಬೇಕಿತ್ತಾ ಎಂದರು.

ಬರೀಬೇಕಿತ್ತು ಸ್ವಾಮಿ! ಇಲಿ ತುಂಬಿದ ಮನೆಯಿಂದ ಬಂದ ಮಗು ಅತ್ತರು ಘಮಘಮಿಸೀತೆ?

ಅದು ಹೋಗಲಿ. ನನ್ನ ಜಗಳ ಬೇರೆ. ಪುಸ್ತಕದ ಆರಂಭಕ್ಕೇ ಬರುವ ಒಬ್ಬ ಹುಡುಗನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ವಯೋಲಾಗೆ ಆಗ ಎಂಟು ವರ್ಷ. ರೋಡ್ ಐಲೆಂಡ್ ರಾಜ್ಯದ ಸೆಂಟ್ರಲ್ ಫಾಲ್ಸ್ ಊರಿನಲ್ಲಿ ಶಾಲೆ ಬಿಟ್ಟ ಮೇಲೆ ಹುಡುಗರು ದಿನಾ ಅಟ್ಟಿಸಿಕೊಂಡು ಬರೋರು, ಕರಿಯಳು, ಕುರೂಪಿ ಅಂತ ಬಯ್ಯೋರು. ತಾಯಿ ಕೊನೆಗೆ ಕೈಗೊಂದು ಕ್ರೋಶಾ ಕಡ್ಡಿ ಕೊಟ್ಟು, ಓಡಬೇಡ, ನಡೆದೇ ಬಾ, ಮುಟ್ಟಿದರೆ ಚುಚ್ಚು ಅಂದಳು. ಆ ಗುಂಪಿನಲ್ಲಿ ಒಬ್ಬ ಕೇಪ್ ವರ್ಡ್ ಮೂಲದವನು. ಆಫ್ರಿಕಾದ ಪಶ್ಚಿಮ ಕಡಲಿನ ಆ ದ್ವೀಪಗಳು 1975ರವರೆಗೆ ಪೋರ್ಚುಗಲ್ಲಿನ ವಸಾಹತು. ಅವನ ಮೈಯೂ ಕಪ್ಪೇ. ನೀನೂ ಕಪ್ಪೇ ಅಲ್ವೇನೋ ಅಂದದ್ದಕ್ಕೆ ಹುಡುಗ ಉರಿದುಬಿದ್ದ. ತಾನು ಪೋರ್ಚುಗೀಸನಂತೆ! ತನ್ನವರನ್ನು ಆಳಿದವನ ಹೆಸರನ್ನೇ ಹೊದ್ದುಕೊಂಡು ಹುಡುಗಿಗೆ ಕಲ್ಲೆತ್ತುವವನು.

ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಅಂದದ್ದು ನೆನಪಾಯಿತು. ಪ್ರತಿ ಮೆಟ್ಟಿಲಿನವನಿಗೂ ತುಳಿಯೋಕೆ ಕೆಳಗೊಂದು ತಲೆ ಬೇಕು. ಅಲ್ಲಿ ಹೀಗಂತ ಹೇಳಿದೆ. ‘ಇದರಲ್ಲಿ ಜಾತಿ ಯಾಕೆ ತರ್ತೀರಿ, ಇದು ಅಮೆರಿಕದ ಕಥೆ’ ಅಂದ್ರು. ನಿಜ. ಅಮೆರಿಕದವಳಿಗೆ ಅಳೋಕೆ ಖರ್ಚಿಲ್ಲ, ಅವಳು ನಾಳೆ ಬಂದು ನಿಮ್ಮ ಮಹಡಿ ಮನೆ ಬಾಡಿಗೆಗೆ ಕೇಳಲ್ಲ. ಮುಂದಿನ ತಿಂಗಳು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಓದೋಣ, 1994ರಿಂದ ಕನ್ನಡದಲ್ಲೇ ಕಾದಿದೆ ಅಂದೆ. ‘ನೋಡೋಣ’ ಅಂದ್ರು.

ಗೆಳೆಯರೇ, ಅವರನ್ನು ಬಯ್ಯುವುದು ಸುಲಭ. ಎಡಗೈ, ಬಲಗೈ ಅಂತ ಒಬ್ಬರ ಕೇರಿಗೆ ಇನ್ನೊಬ್ಬರು ಹೆಣ್ಣು ಕೊಡದ ನಾವು ಯಾರು? ಆ ಹುಡುಗ ನಮ್ಮಲ್ಲಿಲ್ಲವೆ? ನಾನೇ ಇದ್ದೇನೆ. ಕೋಣೆ ಹುಡುಕುವಾಗ ಮನೆಯ ಮುದುಕಿ ‘ಯಾವ ಜನಾಪ್ಪ?’ ಅಂದಳು. ‘ಗೌಡ್ರು’ ಅಂದುಬಿಟ್ಟೆ. ಆಮೇಲೆ ಅವ್ವ ರಾಗಿಹಿಟ್ಟು ಹೊತ್ತು ಊರಿಂದ ಬಂದಾಗ, ಅವಳ ಮಾತಿನಲ್ಲಿ ಗುಟ್ಟು ಹೊರಬಿದ್ದೀತು ಅಂತ ಬಸ್‌ಸ್ಟ್ಯಾಂಡಿನಲ್ಲೇ ಊಟ ಮಾಡಿಸಿ ವಾಪಸ್ ಕಳಿಸಿದೆ. ಇದನ್ನು ಆ ಸಂಜೆ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಅತ್ತಿರೋರು.