ಕೈಪಿಡಿ ಯಾರ ಕೈಗೆ?

‘ಕೈಯಲ್ಲಿ ಮೊಬೈಲ್ ಇರುವಾಗ ಪ್ರವಾಸದ ಪುಸ್ತಕ ಯಾರಿಗೆ ಬೇಕು?’ ಎಂದು ಕೇಳುವುದು ಈಗ ಬುದ್ಧಿವಂತಿಕೆಯ ಲಕ್ಷಣವಾಗಿದೆ. ಹೀಗೆ ಕೇಳುವವರಲ್ಲಿ ಬಹಳಷ್ಟು ಮಂದಿ ಇಸ್ತಾಂಬುಲ್ ನೋಡಿ ಬಂದದ್ದು ಟೂರ್ ಕಂಪನಿಯ ಬಸ್ಸಿನಲ್ಲಿ. ಬಾವುಟ ಹಿಡಿದವನ ಹಿಂದೆ ನಡೆದು, ಅವನು ನಿಲ್ಲಿಸಿದ ಕಾರ್ಪೆಟ್ ಅಂಗಡಿಯಲ್ಲಿ ಒಂದು ಗಂಟೆ ಕೂತು ಚಹಾ ಕುಡಿದು, ರಾತ್ರಿ ಇಂಡಿಯನ್ ಹೋಟೆಲಿನಲ್ಲಿ ದಾಲ್ ತಿಂದು ಬಂದವರಿಗೆ ಪುಸ್ತಕ ಬೇಕಿಲ್ಲ. ನಿಜ ಹೇಳಬೇಕೆಂದರೆ ಮೊಬೈಲೂ ಬೇಕಿಲ್ಲ. ನಮ್ಮ ತಕರಾರು ಅವರೊಡನೆ ಅಲ್ಲ. ತಾನೇ ಟಿಕೆಟ್ ತೆಗೆದು, ತಾನೇ ಕೋಣೆ ಗೊತ್ತು ಮಾಡಿ, ಕೂಡಿಟ್ಟ ದುಡ್ಡಿಗೆ ಪೈಸೆ ಪೈಸೆ ಲೆಕ್ಕ ಹಾಕಿ ಹೊರದೇಶಕ್ಕೆ ಹೊರಡುವ ಮೇಷ್ಟರಿಗೆ, ನರ್ಸಮ್ಮನಿಗೆ, ಬ್ಯಾಂಕ್ ಗುಮಾಸ್ತರಿಗೆ ಅಚ್ಚಾದ ಕೈಪಿಡಿ ಬೇಕೇ ಬೇಡವೇ ಎಂಬುದು ಪ್ರಶ್ನೆ. ಬೇಕು ಎನ್ನುತ್ತೇವೆ ನಾವು. ಆದರೆ ಅಂಗಡಿಯಲ್ಲಿ ಸಿಗುವ ಕೈಪಿಡಿ ನಮಗಾಗಿ ಬರೆದದ್ದಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಾಗಿದೆ.

ಮೊಬೈಲ್ ಪಕ್ಷದವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ತುರ್ಕಿಯನ್ನೇ ತೆಗೆದುಕೊಳ್ಳಿ. 2018ರಲ್ಲಿ ಅಚ್ಚಾದ ಪುಸ್ತಕ ನಿಮ್ಮನ್ನು ಅತಾತುರ್ಕ್ ವಿಮಾನ ನಿಲ್ದಾಣದಲ್ಲಿ ಇಳಿಸುತ್ತದೆ; ಪ್ರಯಾಣಿಕರ ವಿಮಾನಗಳು ಅಲ್ಲಿಂದ ಹೊಸ ನಿಲ್ದಾಣಕ್ಕೆ ಹೋದದ್ದು 2019ರ ಏಪ್ರಿಲ್‌ನಲ್ಲಿ. ಆ ಪುಸ್ತಕದಲ್ಲಿ ಆಯಾ ಸೋಫಿಯಾ ಒಂದು ಮ್ಯೂಸಿಯಂ. 2020ರ ಜುಲೈಯಲ್ಲಿ ಅದು ಮತ್ತೆ ಮಸೀದಿಯಾಯಿತು. 2024ರ ಜನವರಿಯಿಂದ ವಿದೇಶಿ ಪ್ರವಾಸಿಗರು 25 ಯೂರೋ ತೆತ್ತು, ಬೇರೆ ಬಾಗಿಲಿನಿಂದ ಮೇಲಿನ ಗ್ಯಾಲರಿಗೆ ಮಾತ್ರ ಹೋಗಬೇಕು. ನಮಾಜಿಗೆ ಬಂದವರಿಗೆ ಕೆಳಗಿನ ಬಾಗಿಲು, ಶುಲ್ಕವಿಲ್ಲ. (ಹೊರದೇಶದಿಂದ ಬಂದ, ನಮಾಜೂ ಮಾಡುವ, ಗೋಡೆಯ ಮೊಸಾಯಿಕ್ ಚಿತ್ರಗಳನ್ನೂ ನೋಡಬಯಸುವ ನಮ್ಮಂಥವರು ಯಾವ ಸಾಲಿನಲ್ಲಿ ನಿಲ್ಲಬೇಕು? ಆ ಮಾತು ಬೇರೆ.) ಬೆಲೆಗಳ ಸುದ್ದಿಯಂತೂ ಬೇಡ. 2019ರಲ್ಲಿ ಡಾಲರಿಗೆ ಆರು ಲಿರಾದ ಆಸುಪಾಸಿನಲ್ಲಿದ್ದದ್ದು 2025ರಲ್ಲಿ 40 ದಾಟಿತು. ಒಂದು ಹೊತ್ತಿನ ಊಟಕ್ಕೆಂದು ಅಂದು ಅಚ್ಚು ಹಾಕಿದ ದುಡ್ಡಿಗೆ ಇಂದು ರಸ್ತೆಬದಿಯ ಗಾಡಿಯಲ್ಲಿ ಎಳ್ಳು ಮೆತ್ತಿದ ಸಿಮಿತ್ ರೊಟ್ಟಿ ಒಂದು ಬಂದರೆ ಹೆಚ್ಚು.

ಸರಿ, ಒಪ್ಪಿದೆವು. ಹಳಸುವುದು ಪುಸ್ತಕದ ಯಾವ ಭಾಗ? ಬೆಲೆ, ವೇಳೆ, ಬಸ್ಸಿನ ನಂಬರು. ಮಿಮಾರ್ ಸಿನಾನ್ ಸುಲೇಮಾನಿಯಾ ಮಸೀದಿಯನ್ನು 1557ರಲ್ಲಿ ಕಟ್ಟಿ ಮುಗಿಸಿದ್ದು ಹಳಸಿಲ್ಲ. ಆಯಾ ಸೋಫಿಯಾದ ಮಗ್ಗುಲಿನಿಂದ ದಿವಾನ್ ಯೋಲು ರಸ್ತೆ ಹಿಡಿದರೆ ನಡೆದುಕೊಂಡೇ ದೊಡ್ಡ ಬಜಾರು ಮುಟ್ಟಬಹುದು, ಅದರಾಚೆಯ ಗುಡ್ಡದ ಮೇಲೆ ಸುಲೇಮಾನಿಯಾ, ಇಳಿದರೆ ನೀರು: ಊರಿನ ಈ ಮೈಕಟ್ಟು ನೂರಾರು ವರ್ಷಗಳಿಂದ ಹೀಗೇ ಇದೆ. ಕೈಪಿಡಿಯ ಹತ್ತು ಪುಟ ಓದಿದವನ ತಲೆಯಲ್ಲಿ ಅದು ಕೂತುಬಿಡುತ್ತದೆ. ಫೋನು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಏನು ಕೇಳಬೇಕೆಂದೇ ತಿಳಿಯದ ಹೊಸಬನಿಗೆ ಅದು ತೋರಿಸುವುದು ಹತ್ತಿರದ ಹೋಟೆಲನ್ನು, ಅದರ ಪಕ್ಕದಲ್ಲಿ ನಾಲ್ಕೂವರೆ ನಕ್ಷತ್ರವನ್ನು. ಆ ನಕ್ಷತ್ರ ಕೊಟ್ಟವರು ಯಾರು? ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪ್ರಕಾಶಕ ಬೇಡೆಕರ್ ಕೂಡ ತನ್ನ ಕೈಪಿಡಿಗಳಲ್ಲಿ ನಕ್ಷತ್ರ ಹಾಕುತ್ತಿದ್ದ. ಆದರೆ ಪುಸ್ತಕದ ಮೇಲೆ ಅವನ ಹೆಸರಿತ್ತು, ತಪ್ಪಿದರೆ ಬೈಯಲು ಒಂದು ವಿಳಾಸವಿತ್ತು.

ಇನ್ನೊಂದು ಸಂಗತಿಯನ್ನು ನಮ್ಮವರು ಮರೆತೇಬಿಟ್ಟಿದ್ದಾರೆ. 2017ರ ಏಪ್ರಿಲ್‌ನಿಂದ 2020ರ ಜನವರಿಯವರೆಗೆ ತುರ್ಕಿಯಲ್ಲಿ ವಿಕಿಪೀಡಿಯಾ ತೆರೆಯುತ್ತಿರಲಿಲ್ಲ. ಸರಕಾರ ಅದನ್ನು ತಡೆಹಿಡಿದಿತ್ತು. ಚೀಲದೊಳಗಿನ ಪುಸ್ತಕಕ್ಕೆ ಹಾಗೆ ದೂರದಿಂದ ಬೀಗ ಹಾಕಲು ಯಾವ ಸರಕಾರಕ್ಕೂ ಬರುವುದಿಲ್ಲ.

ಇಷ್ಟೂ ಯಾವ ದೇಶದವನಾದರೂ ಹೇಳಬಹುದಾದ ಮಾತು. ನಮ್ಮ ಪಾಸ್‌ಪೋರ್ಟ್ ಹಿಡಿದವರ ಕತೆ ಬೇರೆಯೇ ಇದೆ. ಅಮೆರಿಕದವನಿಗೆ 2024ರಿಂದ ತುರ್ಕಿಗೆ ಹೋಗಲು ವೀಸಾವೇ ಬೇಕಿಲ್ಲ. ಅವನು ಇವತ್ತು ಮನಸ್ಸು ಮಾಡಿ ನಾಳೆ ವಿಮಾನ ಹತ್ತಬಹುದು; ಎಲ್ಲಿ ಮಲಗುವುದೆಂದು ಅಲ್ಲಿ ಇಳಿದ ಮೇಲೆ ಯೋಚಿಸಬಹುದು. ನಮಗೆ? ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಶೆಂಗನ್ ವೀಸಾ ಮೊದಲೇ ಇದ್ದರೆ ಮಾತ್ರ ಮನೆಯಲ್ಲಿ ಕೂತು ಇ-ವೀಸಾ. ಇಲ್ಲದವರು ಬ್ಯಾಂಕ್ ಸ್ಟೇಟ್‌ಮೆಂಟು, ಹೋಗಿಬರುವ ಟಿಕೆಟು, ಹೋಟೆಲ್ ಬುಕಿಂಗು ಎಲ್ಲ ಜೋಡಿಸಿಕೊಂಡು ವೀಸಾ ಕೇಂದ್ರದ ಬಾಗಿಲಲ್ಲಿ ನಿಲ್ಲಬೇಕು. ಯಾವ ತಾರೀಖು ಯಾವ ಊರು, ಯಾವ ರಾತ್ರಿ ಯಾವ ಮನೆ ಎಂದು ಹೊರಡುವ ವಾರಗಳ ಮುಂಚೆಯೇ ಕಾಗದದ ಮೇಲೆ ಬರೆದುಕೊಡಬೇಕು. ‘ಕಾಲು ಎಳೆದತ್ತ ಹೋಗುವುದು’ ಎಂಬ ಪ್ರವಾಸದ ಸುಖ ನಮ್ಮ ಪಾಲಿಗೆ ಇಲ್ಲ.

ನಮಗೆ ಪುಸ್ತಕ ಹೆಚ್ಚು ಬೇಕು ಎನ್ನುವುದು ಇದೇ ಕಾರಣಕ್ಕೆ. ಅವನ ಪ್ರವಾಸ ರಸ್ತೆಯಲ್ಲಿ ನಿರ್ಧಾರವಾಗುತ್ತದೆ, ನಮ್ಮದು ಅಡುಗೆಮನೆಯ ಮೇಜಿನ ಮೇಲೆ. ಇಸ್ತಾಂಬುಲ್‌ಗೆ ಮೂರು ದಿನ ಸಾಕೇ? ಕೊನ್ಯಾಕ್ಕೆ ವೇಗದ ರೈಲಿದೆ, ನಾಲ್ಕೂವರೆ ಐದು ಗಂಟೆ. ಅಲ್ಲಿಂದ ಕಪದೋಕಿಯಾದ ಗುಹೆಗಳ ಗೋರೆಮೆಗೆ ಬಸ್ಸಿನಲ್ಲಿ ಮೂರ್ನಾಲ್ಕು ಗಂಟೆ. ಹಿಂದಿರುಗಲು ಯಾವ ದಾರಿ? ಇದನ್ನೆಲ್ಲ ಒಟ್ಟಿಗೆ ಹರಡಿಕೊಂಡು, ಪುಟ ಹಿಂದೆ ಮುಂದೆ ತಿರುವಿ, ಪೆನ್ಸಿಲಿನಲ್ಲಿ ಗೀಟು ಹಾಕಿ ತೂಗಿ ನೋಡಲು ಅಂಗೈಯಗಲದ ಪರದೆ ಸಾಲದು.

ಆದರೆ ವೀಸಾ ಎಂಬ ಅಧ್ಯಾಯವನ್ನು ಬಿಡಿಸಿದ ಕೂಡಲೇ ಆ ಪುಸ್ತಕದ ಬಣ್ಣ ಬಯಲಾಗುತ್ತದೆ. ಅಲ್ಲಿರುವ ‘ನೀವು’ ನಾವಲ್ಲ. ಅದು ಹುಟ್ಟಿದ ಬಗೆಯೇ ಹಾಗಿದೆ. ಟೋನಿ ಮತ್ತು ಮೌರೀನ್ ವೀಲರ್ ದಂಪತಿ 1972ರಲ್ಲಿ ಲಂಡನ್ನಿನಿಂದ ಹೊರಟು ನೆಲದ ಹಾದಿಯಲ್ಲಿ ಏಷ್ಯಾವನ್ನು ದಾಟಿ ಆಸ್ಟ್ರೇಲಿಯಾ ಸೇರಿದರು. 1973ರಲ್ಲಿ ಸಿಡ್ನಿಯಲ್ಲಿ ತಾವೇ ಒಂದು ಸಣ್ಣ ಪುಸ್ತಕ ಹೊರತಂದರು. ಲೋನ್ಲಿ ಪ್ಲಾನೆಟ್ ಎಂಬ ದೊಡ್ಡ ವ್ಯಾಪಾರ ಶುರುವಾದದ್ದು ಅಲ್ಲಿಂದ. ಇಸ್ತಾಂಬುಲ್, ತೆಹ್ರಾನ್, ಕಾಬೂಲ್, ದೆಹಲಿ: ಅಂದಿನ ಹಿಪ್ಪಿಗಳ ದಾರಿ ಅದು. 1979ರಲ್ಲಿ ಇರಾನಿನ ಕ್ರಾಂತಿಯೂ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯೂ ಬಂದು ಆ ದಾರಿ ಮುಚ್ಚಿತು. ಆ ದಾರಿಯುದ್ದಕ್ಕೂ ಇದ್ದವರು ನಾವೇ, ನೋಡುವವರಾಗಿ ಅಲ್ಲ, ನೋಡಬೇಕಾದ ವಸ್ತುಗಳಾಗಿ. ಹಾಗೆ ನೋಡಿಸಿಕೊಂಡವನೇ ಒಂದು ದಿನ ಸೂಟ್‌ಕೇಸ್ ಹಿಡಿದು ಹೊರಟಾನು ಎಂದು ಬರೆದವರು ಎಣಿಸಿರಲಿಲ್ಲ. ಅವರನ್ನು ದೂರಿ ಫಲವಿಲ್ಲ. ಅವರು ತಮ್ಮವರಿಗಾಗಿ ಬರೆದುಕೊಂಡರು.

ಪರಿಣಾಮ ಮಾತ್ರ ನಗು ತರಿಸುವಂಥದು. ಇಂಗ್ಲಿಷ್ ಕೈಪಿಡಿಯ ಕೊನೆಯಲ್ಲಿ ತುರ್ಕಿ ಪದಗಳ ಪಟ್ಟಿ ಇರುತ್ತದೆ, ಬಾಯಿಪಾಠ ಮಾಡಿ ಎಂದು. ಹೋಟೆಲಿನಲ್ಲಿ ಬಿಲ್ಲು ಕೇಳಲು ‘ಹೆಸಾಪ್’. ನಮ್ಮ ಸಂತೆಯ ಹೆಂಗಸಿಗೂ ಹಿಸಾಬು ಗೊತ್ತಿಲ್ಲವೇ? ‘ಸಾಬುನ್’ ಸಾಬೂನು, ‘ತಾರಿಹ್’ ತಾರೀಖು, ‘ಹವಾ’ ಹವಾ, ‘ಬಾದೆಮ್’ ಬಾದಾಮಿ. ಉರ್ದು ಮದರಸೆಯಲ್ಲಿ ನಾಲ್ಕು ವರ್ಷ ಕೂತವನಿಗೆ ಇನ್ನೂ ನೂರು ಪದ ಪುಕ್ಕಟೆ. ಕೊನ್ಯಾಕ್ಕೆ ಹೋದರೆ ಮೌಲಾನಾ ರೂಮಿಯ ಗೋರಿಯ ಅಂಗಳದಲ್ಲಿ ಇಕ್ಬಾಲರ ನೆನಪಿಗೆ ನೆಟ್ಟ ಒಂದು ಕಲ್ಲಿದೆ. ರೂಮಿಯನ್ನು ಗುರುವೆಂದು ನಂಬಿದ್ದ ಕವಿ ಅವರು. ಉರ್ದು ಓದಿದವರು ಆ ಕಲ್ಲಿನ ಮುಂದೆ ಸುಮ್ಮನೆ ದಾಟಿಹೋಗಲಾರರು. ಲಂಡನ್ನಿನ ಓದುಗನಿಗೆ ಅದು ಕಲ್ಲು ಅಷ್ಟೆ.

ಹಾಗಾದರೆ ನಮ್ಮದು ಎಲ್ಲಿದೆ? ಪ್ರವಾಸ ಕಥನಕ್ಕೆ ಬರವಿಲ್ಲ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಇದೆ, ಗೋಕಾಕರ ‘ಸಮುದ್ರದಾಚೆಯಿಂದ’ ಇದೆ, ಗೊರೂರರ ಅಮೆರಿಕ ಇದೆ. ಉರ್ದುವಿನಲ್ಲಿ 1892ರಲ್ಲಿ ಇಸ್ತಾಂಬುಲ್, ಸಿರಿಯಾ, ಈಜಿಪ್ಟ್ ಸುತ್ತಿಬಂದ ಶಿಬ್ಲಿ ನೋಮಾನಿಯವರ ಸಫರ್‌ನಾಮಾ ಇದೆ. ಗುಲಬರ್ಗಾ ನೆಲದ ಮುಜ್ತಬಾ ಹುಸೇನರು ಜಪಾನಿಗೆ ಹೋಗಿ ಬಂದು ನಗಿಸಿದ್ದಾರೆ. ಇವೆಲ್ಲ ಹೋಗಿಬಂದವರ ಪುಸ್ತಕಗಳು. ಹೊರಡುವವನ ಕೈಗಿಡುವಂಥ ಕೈಪಿಡಿಯನ್ನು ನಮ್ಮ ಪ್ರಕಾಶಕರು ಏಕೆ ಮಾಡುವುದಿಲ್ಲ? ‘ಯಾರು ಕೊಳ್ಳುತ್ತಾರೆ ಸ್ವಾಮಿ’ ಎನ್ನುತ್ತಾರೆ. ಕೊಳ್ಳುವವರಿಲ್ಲ ಎನ್ನುವವರು ಹಜ್ಜಿಗೆ ಹೊರಟವರ ಕೊರಳ ಚೀಲ ನೋಡಲಿ. ಅದರಲ್ಲಿ ಉರ್ದುವಿನದೋ ಕನ್ನಡದ್ದೋ ಒಂದು ಪುಟ್ಟ ಕೈಪಿಡಿ ಇರುತ್ತದೆ: ಎಲ್ಲಿ ಏನು ಮಾಡಬೇಕು, ಎಲ್ಲಿಂದ ಎಲ್ಲಿಗೆ ಹೋಗಬೇಕು, ಕಳೆದುಹೋದರೆ ಏನು. ತಾಲ್ಲೂಕು ಕೇಂದ್ರ ದಾಟದ ನಮ್ಮ ಖಾಲಾಗಳು, ಬೂಬಮ್ಮಗಳು 2024ರಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ನೆರೆದ ಅಲ್ಲಿ ಅದನ್ನೇ ಬಿಡಿಸಿ ಬಿಡಿಸಿ ಓದಿಕೊಂಡು ನಡೆದರು. ಅವರು ಗುಂಪಿನಲ್ಲಿ ಹೋದವರು ನಿಜ. ಪುಸ್ತಕ ಮಾತ್ರ ಅವರವರ ಕೈಯಲ್ಲೇ ಇತ್ತು.

ಇಸ್ತಾಂಬುಲ್‌ಗೆ ಅಂಥದೊಂದು ಕನ್ನಡ ಪುಸ್ತಕ ಬರಲಿ, ನೂರೈವತ್ತು ಪುಟ ಸಾಕು. ಮೊದಲ ಅಧ್ಯಾಯ ನಮ್ಮ ವೀಸಾ ಕಾಗದಗಳದ್ದು. ಮಾಂಸ ಮುಟ್ಟದವರಿಗೆ ಜೈತೂನ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಿ. ದೊಡ್ಡ ಮಡಿಸುವ ನಕ್ಷೆಯೊಂದಿರಲಿ. ಬೆಲೆಗಳ ಜಾಗ ಖಾಲಿ ಬಿಡಲಿ. ಹೋಗುವವರು ಹೊರಡುವ ಹಿಂದಿನ ದಿನ ಫೋನಿನಲ್ಲಿ ನೋಡಿ ಪೆನ್ಸಿಲಿನಿಂದ ತುಂಬಿಕೊಳ್ಳುತ್ತಾರೆ.