ಹುಳದ ಮನೇಲಿ ಸದ್ದು ನಿಂತಾಗ

ಹೋದ ತಿಂಗಳು ಅಕ್ಕನ ಮನೆ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ವಿ. ಚನ್ನಪಟ್ಟಣದಿಂದ ಒಸಿ ಒಳಕ್ಕಿರೋ ಹಳ್ಳಿ. ಅಕ್ಕ, ನಾನು, ಮಾಗಡಿಯಿಂದ ಬಂದಿದ್ದ ಅತ್ತಿಗೆ, ಕನಕಪುರದ ಕಡೆ ದೊಡ್ಡವ್ವ, ಪಕ್ಕದ್ಮನೆ ಹತ್ತನೇ ಕ್ಲಾಸ್ ಹುಡುಗಿ. ಅಷ್ಟೊತ್ಗೆ ಅಕ್ಕನ ಮಗ ಲ್ಯಾಪ್‌ಟಾಪ್ ತಂದು ಮೊರದ ಪಕ್ಕ ಮಡಗ್ದ.

"ಚಿಕ್ಕವ್ವ, ನಾನು ಮಾಡಿರೋ ದೆವ್ವದ ಆಟ. ಎಲ್ಲಾರೂ ಒಂದೊಂದ್ಸಲ ಆಡಿ, ಹೆಂಗದೆ ಹೇಳಿ."

ಇವನು ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಕೆಲಸ ಮಾಡ್ಕೊಂಡು ಬರೋ ಹುಡುಗ. ರಾತ್ರಿ ಉಂಡ್ಮೇಲೆ ಬಾಗಿಲು ಹಾಕ್ಕೊಂಡ್ರೆ ಒಂದು ಗಂಟೆವರ್ಗೂ ಇದೇ. ಎರಡು ವರ್ಷಕ್ಕೆ ಬಂತು. ಚಿತ್ರ, ಸದ್ದು, ಕತೆ ಎಲ್ಲಾ ಒಬ್ಬನೇ. ಯುಗಾದಿ ಒಳಗೆ ಮುಗೀಲಿಲ್ಲ ಅಂದ್ರೆ ಕೈಬಿಡ್ತೀನಿ ಅಂತ ಅಕ್ಕನಿಗೆ ಮಾತು ಕೊಟ್ಟವ್ನೆ. ಅಕ್ಕನಿಗೂ ಅದೇ ಬೇಕಾಗಿತ್ತು. ಹೆಣ್ಣು ಕೊಡೋರು ಬಂದಾಗ "ಹುಡುಗ ರಾತ್ರಿಯೆಲ್ಲಾ ದೆವ್ವ ಮಾಡ್ತಾನೆ" ಅಂತ ಹೇಳಕ್ಕಾಯ್ತದಾ?

ಆಟ ಅರ್ಧ ಗಂಟೇದು. ರಾತ್ರಿ ಹೊತ್ತು, ರೇಷ್ಮೆ ಹುಳ ಸಾಕೋ ಮನೆ. ಅಪ್ಪ ಅಮ್ಮ ಊರಲ್ಲಿಲ್ಲ. ಒಂದು ಹುಡುಗಿ ಬೆಳಗಾಗೋವರ್ಗೂ ತಟ್ಟೆ ತಟ್ಟೆಗೂ ಹಿಪ್ಪುನೇರಳೆ ಸೊಪ್ಪು ಹಾಕ್ತಾ ಇರಬೇಕು. ನಡುರಾತ್ರೀಲಿ ಬಾಗಿಲು ಬಡಿಯೋ ಸದ್ದು, ಆಚೆಯಿಂದ ಅವರಮ್ಮನ ದನಿ. ತೆಗೀಬೇಕಾ, ಬ್ಯಾಡ್ವಾ? ನಿಮಗೆ ಈಗಾಗ್ಲೇ ಗೊತ್ತಾಗಿರ್ತದೆ, ನಮ್ಮ "ನಾಳೆ ಬಾ" ಕತೆ. 1990ರ ಸುಮಾರಿಗೆ ಬಾಗಿಲು ಬಾಗಿಲ ಮೇಲೂ ಅದನ್ನ ಬರೆದಿದ್ದು ನಮ್ಮ ವಯಸ್ಸಿನೋರಿಗೆಲ್ಲಾ ಗ್ಯಾನ ಇದ್ದೇ ಇರ್ತದೆ. 2018ರ ಹಿಂದಿ ಸಿನಿಮಾ "ಸ್ತ್ರೀ"ಲೂ ಅಂಥದ್ದೇ ಬರಹ ಬಂತು.

ಸರಿ, ಆಡಿದ್ವಿ. ಆಡಿ ಎಲ್ಲಾರೂ ಒಂದೇ ಮಾತು ಹೇಳಿದ್ವಿ: "ಚೆನ್ನಾಗದೆ ಕಣಪ್ಪ."

ಹುಡುಗನ ಮುಖ ಇಳಿದೋಯ್ತು. ಆಮೇಲೆ ನನ್ನೊಬ್ಬಳನ್ನೇ ಹಿತ್ಲಿಗೆ ಕರ್ಕೊಂಡೋಗಿ ಹೇಳ್ದ: "ಚಿಕ್ಕವ್ವ, ನಾನು ನಿಮ್ಮ ಬಾಯಿ ನೋಡ್ತಿರ್ಲಿಲ್ಲ, ಕೈ ನೋಡ್ತಿದ್ದೆ. ಅಮ್ಮ ಮಧ್ಯದಲ್ಲಿ ಎರಡು ಸಲ ಫೋನ್ ನೋಡಿದ್ಲು. ಅತ್ತೆ ಸುಮ್ನೆ ಎಲ್ಲಾ ಬಟನ್ನೂ ಒತ್ತಿದ್ರು. ಅಜ್ಜಿ ಐದು ನಿಮಿಷಕ್ಕೇ ಅವರೆಕಾಯಿ ಕಡೆ ತಿರುಗಿದ್ರು. ಹೆದ್ರಿದ್ದು ಯಾರು?"

ನನಗೆ ನಾಚಿಕೆ ಆಯ್ತು. ನೆಂಟರ ಮನೇಲಿ ಉಂಡು, ಎಲೇಲಿ ಅರ್ಧ ಬಿಟ್ಟು, "ಸಾರು ಬಲೇ ಚೆನ್ನಾಗಿತ್ತು" ಅಂದಂಗಾಯ್ತು ನಮ್ಮ ಕತೆ. ಅಡುಗೆ ಮಾಡಿದೋಳು ಎಲೆ ಎತ್ತುವಾಗ ನೋಡ್ತಾಳೆ, ಮಾತಿಗೆ ಕಿವಿಗೊಡಲ್ಲ. ಒಳಗೆ ಬಂದು ಎಲ್ಲಾರ್ನೂ ಬೈದೆ. ಈಗ ನಿಜ ಹೇಳಿ ಅಂದೆ.

ಆಗ ಬಂತು ನೋಡಿ. ಅಕ್ಕ: "ಕತ್ತಲೆ ಕಣೋ, ಏನೂ ಕಾಣಕ್ಕಿಲ್ಲ, ಒಂದು ಟ್ಯೂಬ್‌ಲೈಟ್ ಹಾಕು." ಅತ್ತಿಗೆ: "ಆ ಹುಡುಗಿ ಕೈಗೊಂದು ಮಚ್ಚು ಕೊಡು, ಬಂದಿದ್ದನ್ನ ಕತ್ತರಿಸಿ ಹಾಕ್ಲಿ." ಪಕ್ಕದ್ಮನೆ ಹುಡುಗಿ: "ಅಣ್ಣಾ, ನಾಲ್ಕು ಸಲ ಒಂದೇ ಥರ ಕಿರುಚ್ಕೊಂಡು ಮುಂದೆ ಹಾರ್ತದೆ. ಎರಡನೇ ಸಲಕ್ಕೇ ನಗು ಬಂತು." ನಾನು: "ದೆವ್ವ ಅಂದ್ರೆ ಯಾವಾಗ್ಲೂ ಬಿಳೀ ಸೀರೆ ಹೆಂಗಸೇ ಯಾಕಪ್ಪ? ಸತ್ತ ಗಂಡಸರೆಲ್ಲಾ ನೆಟ್ಟಗೆ ಸ್ವರ್ಗಕ್ಕೇ ಹೋದ್ರಾ?" ದೊಡ್ಡವ್ವ ಮಾತ್ರ ಏನೂ ಅನ್ನಲಿಲ್ಲ. ಅವಳ ಮಾತಿಗೆ ಆಮೇಲೆ ಬತ್ತೀನಿ.

ಅವನು ಎಲ್ಲಾನೂ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡ. ಆದ್ರೆ ಮಾಡ್ಲಿಲ್ಲ. ಟ್ಯೂಬ್‌ಲೈಟೂ ಇಲ್ಲ, ಮಚ್ಚೂ ಇಲ್ಲ. ಅತ್ತಿಗೆಗೆ ಕೋಪ: "ಮಾಡದೇ ಇರೋನು ಕೇಳಿದ್ದು ಯಾಕೆ?"

ಇಲ್ಲೇ ನಾನು ಅತ್ತಿಗೆ ಮಾತು ಒಪ್ಪಲ್ಲ. ಆಡಿದೋರ ದೂರು ಯಾವಾಗ್ಲೂ ನಿಜ. ಅವರು ಹೇಳೋ ಔಷಧಿ ಯಾವಾಗ್ಲೂ ನಿಜ ಆಗಬೇಕಾಗಿಲ್ಲ. ನಮ್ಮ ಯಜಮಾನ್ರು "ಸಾರಿಗೆ ಖಾರ ಸಾಲ್ದು" ಅಂತಾರೆ. ನಾನು ನಾಲಿಗೆ ಮೇಲಿಟ್ಟು ನೋಡಿದ್ರೆ ಹುಣಸೆಹುಳಿ ಸಾಲದು. ಹುಳಿ ಬಿಟ್ರೆ "ಈಗ ಖಾರ ಸರಿಹೋಯ್ತು" ಅಂತಾರೆ! ಸಾರು ಸರಿ ಇಲ್ಲ ಅಂತ ಹೇಳೋ ಹಕ್ಕು ಉಣ್ಣೋರ್ದು. ಏನು ಹಾಕಬೇಕು ಅಂತ ಕಂಡುಹಿಡಿಯೋ ಕಷ್ಟ ಒಲೆ ಮುಂದೆ ನಿಂತೋಳ್ದು.

ಮಚ್ಚಿನ ಮಾತಿಗೆ ಅವನೇ ಒಂದು ಕತೆ ಹೇಳ್ದ. ಸ್ವೀಡನ್ ದೇಶದಲ್ಲಿ ಫ್ರಿಕ್ಷನಲ್ ಗೇಮ್ಸ್ ಅಂತ ಒಂದು ಸಣ್ಣ ಗುಂಪು. 2007ರಲ್ಲಿ "ಪೆನಂಬ್ರಾ" ಅನ್ನೋ ಹೆದರಿಸೋ ಆಟ ಮಾಡಿದ್ರು. ಅದ್ರಲ್ಲಿ ಸುತ್ತಿಗೆ, ಗುದ್ದಲಿ ಹಿಡ್ಕೊಂಡು ಹೊಡೆದಾಡಬೋದಿತ್ತು. ಆ ಹೊಡೆದಾಟ ನೆಟ್ಟಗಿಲ್ಲ ಅಂತ ಆಡಿದೋರು ದೂರಿದ್ರು. ಬೇರೆಯೋರಾಗಿದ್ರೆ ಹೊಡೆದಾಟಾನ ಚೆನ್ನಾಗಿ ಮಾಡೋರು. ಇವರು 2008ರಲ್ಲಿ ಮುಂದಿನ ಭಾಗ ಮಾಡುವಾಗ ಆಯುಧಾನೇ ಕಿತ್ತಾಕಿದ್ರು. ಓಡಬೇಕು, ಇಲ್ಲಾ ಬಚ್ಚಿಟ್ಕೋಬೇಕು, ಅಷ್ಟೇ. 2010ರಲ್ಲಿ "ಅಮ್ನೀಸಿಯಾ" ಅಂತ ಅದೇ ದಾರೀಲಿ ಮಾಡಿದ್ದು ಲೋಕಕ್ಕೆಲ್ಲಾ ಗೊತ್ತಾಯ್ತು. ಕೈಲಿ ಮಚ್ಚಿದ್ರೆ ಧೈರ್ಯ ಬತ್ತದೆ, ಧೈರ್ಯ ಬಂದ್ಮೇಲೆ ಇನ್ನೆಲ್ಲಿ ಹೆದರಿಕೆ?

ಹಂಗಂತ ಹೇಳಿದ್ದನ್ನ ಹಂಗೇ ಹಿಡ್ಕೊಂಡು ಗೆದ್ದೋರೂ ಅವ್ರೆ. ಅಮೆರಿಕಾದ ಸ್ಕಾಟ್ ಕಾಥನ್ ಅನ್ನೋರು ಒಬ್ಬರೇ ಕೂತು ಮಕ್ಕಳಿಗೆ ಅಂತ ಒಂದು ಆಟ ಮಾಡಿದ್ರು. ಮರ ಕಡಿಯೋ ಬೀವರ್ ಪ್ರಾಣಿಗಳ ಸಂಸಾರ. ನೋಡ್ದೋರು "ಇವು ಪ್ರಾಣಿ ಥರ ಇಲ್ಲ, ಕೀ ಕೊಟ್ಟು ಕುಣಿಸೋ ಗೊಂಬೆ ಥರ ಅವೆ, ನೋಡಿದ್ರೆ ಭಯ ಆಯ್ತದೆ" ಅಂದ್ರು. ಮನುಷ್ಯ ನೊಂದ್ಕೊಂಡ್ರು. ಆಮೇಲೆ, ಭಯಾನೇ ಆಯ್ತದೆ ಅಂದ್ರೆ ನಿಜವಾಗ್ಲೂ ಹೆದರಿಸೋದನ್ನೇ ಮಾಡ್ತೀನಿ ಅಂತ ಕೂತ್ರು. 2014ರಲ್ಲಿ "ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್" ಬಂತು. ರಾತ್ರಿ ಕಾವಲುಗಾರ, ತಂತಾನೇ ಓಡಾಡೋ ಗೊಂಬೆಗಳು. 2023ರಲ್ಲಿ ಸಿನಿಮಾನೂ ಆಯ್ತು. ಹಾಲೆ ಮರ ಕಡೆದು ಅರಗಿನ ಬಣ್ಣ ಹಾಕೋ ಊರೋರು ನಾವು, ಗೊಂಬೆ ಕಣ್ಣಿಗಿಡೋ ಚುಕ್ಕಿ ಒಸಿ ಆಚೀಚೆ ಆದ್ರೆ ಮುಖಾನೇ ಬದಲಾಗೋಯ್ತದೆ ಅಂತ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ.

ಕೇಳಿಯೂ ಬದಲಾಯಿಸದೆ ಗೆದ್ದಿದ್ದು ನಮ್ಮ ರಾಮನಗರದ ಬೆಟ್ಟದಲ್ಲೇ ಅದೆ. "ಶೋಲೆ" 1975ರ ಆಗಸ್ಟ್ 15ಕ್ಕೆ ಬಿಡುಗಡೆ ಆದಾಗ ಮೊದಮೊದ್ಲು ಜನ ಚೆನ್ನಾಗಿಲ್ಲ ಅಂದ್ರಂತೆ. ಅಮಿತಾಭ್ ಬಚ್ಚನ್ ಮಾಡಿರೋ ಜಯ್ ಸಾಯದಂಗೆ ಕೊನೇನ ಮತ್ತೆ ತೆಗೆಯೋಣವಾ ಅಂತ ಎಲ್ಲಾ ಕೂತು ಮಾತಾಡಿದ್ರಂತೆ. ಒಂದೆರಡು ದಿನ ಕಾಯೋಣ ಅಂದ್ರು ನಿರ್ದೇಶಕ ರಮೇಶ್ ಸಿಪ್ಪಿ. ಕಾದ್ರು, ಜನ ಬಂದ್ರು, ಮುಂಬೈಯ ಮಿನರ್ವಾ ಥಿಯೇಟರಲ್ಲಿ 5 ವರ್ಷ ಓಡ್ತು. ಜಯ್ ಬದುಕಿದ್ರೆ ನಾವ್ಯಾರಾದ್ರೂ ಅಳ್ತಿದ್ವಾ?

ಹಂಗಾದ್ರೆ ಯಾವುದನ್ನ ಕೇಳಬೇಕು, ಯಾವುದನ್ನ ಬಿಡಬೇಕು? ನನಗೆ ಉತ್ತರ ಕೊಟ್ಟಿದ್ದು ದೊಡ್ಡವ್ವ. ಎರಡನೇ ದಿನ ಹಿಟ್ಟು ತೊಳಸ್ತಾ ತೊಳಸ್ತಾ ಅಂದ್ಲು: "ಮಗ, ನಿನ್ನ ಹುಳದ ಮನೇಲಿ ಸದ್ದೇ ಇಲ್ವಲ್ಲೋ."

"ಅಜ್ಜಿ, ಗಾಳಿ ಸದ್ದು ಹಾಕಿದೀನಲ್ಲ, ನಾಯಿ ಊಳಿಡೋದು..."

"ಅದಲ್ಲ ಕಣ್ಲಾ. ಹುಳ ತಿನ್ನೋ ಸದ್ದು."

ಹುಳ ಸಾಕಿರೋ ಮನೇಲಿ ಹುಟ್ಟಿದೋರಿಗೆ ಈ ಮಾತು ಥಟ್ಟಂತ ಗೊತ್ತಾಯ್ತದೆ. ನಾಲ್ಕನೇ ಜ್ವರ ಎದ್ಮೇಲೆ ಹುಳ ತಿನ್ನೋದು ನೋಡಬೇಕು. ತನ್ನ ಜೀವಮಾನದಲ್ಲಿ ತಿನ್ನೋ ಸೊಪ್ಪಲ್ಲಿ 100ಕ್ಕೆ 80 ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ತಿಂತದೆ. ರಾತ್ರಿ ದೀಪ ಆರಿಸಿ ಮಲಗಿದ್ರೆ ಹೆಂಚಿನ ಮೇಲೆ ಸೋನೆ ಮಳೆ ಬಿದ್ದಂಗೆ ಸದ್ದು. ಆ ಸದ್ದಲ್ಲೇ ನಾವು ನಿದ್ದೆ ಮಾಡ್ತಿದ್ದಿದ್ದು.

ದೊಡ್ಡವ್ವ ಹೇಳಿದ್ಲು: "ಜ್ವರಕ್ಕೆ ಕೂತಾಗ ಸದ್ದು ನಿಲ್ತದೆ, ಅದು ಗೊತ್ತಿರೋದೇ. ಆದ್ರೆ ತಿನ್ನೋ ಕಾಲ್ದಲ್ಲಿ ನಡುರಾತ್ರೀಲಿ ಸದ್ದು ನಿಂತ್ರೆ ಎದೆ ಒಡೆದೋಯ್ತಿತ್ತು ಕಣಪ್ಪ. ದೀಪ ಹಿಡ್ಕೊಂಡು ಹೋಗಿ ಸೊಪ್ಪು ಎತ್ತಿ ನೋಡಕ್ಕೇ ಭಯ. ಒಂದು ವರ್ಷ ಸಪ್ಪೆ ರೋಗ ಬಂದು ಅಷ್ಟೂ ಹುಳಾನ ಗುಂಡಿಗೆ ಸುರಿದ್ವಿ. ಮೊಟ್ಟೆ ತಂದ ಸಾಲ, ಸೊಪ್ಪಿನ ಸಾಲ ಹಂಗೇ ಉಳೀತು. ದೆವ್ವ ಬಂದ್ರೆ ಬಾಗಿಲ ಮೇಲೆ ನಾಳೆ ಬಾ ಅಂತ ಬರೀಬೋದು. ಸಾಲ ಕೊಟ್ಟೋನು ಬಂದ್ರೆ ಏನು ಬರೀತಿಯಾ?"

ಯಾರೂ ಮಾತಾಡ್ಲಿಲ್ಲ. ಅವನೂ ಬರ್ಕೊಳ್ಳೋದು ಮರೆತು ಕೂತಿದ್ದ.

ಹದಿನೈದು ದಿನ ಬಿಟ್ಟು ಮತ್ತೆ ಕರೆದ. ಈಗ ಆಟದಲ್ಲಿ ಆ ಮಳೆ ಥರ ಸದ್ದು ಅದೆ. ಊರೊಳಗೆ ಇನ್ನೂ ಹುಳ ಸಾಕೋರ ಮನೆಗೆ ಹೋಗಿ ರಾತ್ರಿಯೆಲ್ಲಾ ಕೂತು ರೆಕಾರ್ಡ್ ಮಾಡ್ಕೊಂಡು ಬಂದವ್ನೆ. ಹಾರಿ ಬಂದು ಕಿರುಚೋದು ನಾಲ್ಕರಲ್ಲಿ ಮೂರು ತೆಗೆದವ್ನೆ. ಕತ್ತಲೆ ಹಂಗೇ ಅದೆ, ಆದ್ರೆ ಹುಡುಗಿ ಕೈಲಿ ಒಂದು ಬ್ಯಾಟ್ರಿ, ಅಕ್ಕನಿಗೆ ಈಗ ದಾರಿ ಕಾಣ್ತದೆ. ಆಡ್ತಾ ಆಡ್ತಾ ಇದ್ದಂಗೆ ಎಡಗಡೆ ಮೂಲೆ ತಟ್ಟೇಲಿ ಸದ್ದು ನಿಲ್ತದೆ. ಆಮೇಲೆ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ಯಾವ ದೆವ್ವಾನೂ ಇನ್ನೂ ಬಂದಿಲ್ಲ, ನನ್ನ ಕೈ ತಣ್ಣಗಾಗೋಯ್ತು. ದೊಡ್ಡವ್ವ ಕಿವೀಗೆ ಹಾಕಿದ್ದನ್ನ ಕಿತ್ತಿಟ್ಟು "ಸಾಕು ತಗಿ" ಅಂದ್ಲು. ಅವನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಾ?

ನೋಡಿ, ದೊಡ್ಡವ್ವ ಏನು ಮಾಡು ಅಂತ ಹೇಳಲೇ ಇಲ್ಲ. ಅವಳಿಗೆ ಕಂಪ್ಯೂಟರ್ ಗೊತ್ತಿಲ್ಲ. ತನಗೆ ಏನು ಇಲ್ಲ ಅನ್ನಿಸ್ತು, ತಾನು ಯಾವುದಕ್ಕೆ ಹೆದರಿದ್ದೆ ಅಂತ ಹೇಳಿದ್ಲು. ಮಿಕ್ಕಿದ್ದನ್ನ ಮಾಡೋದು ಅವನ ಕೆಲಸ. ನಾವು ನಾಲ್ಕು ಜನ ಕೊಟ್ಟಿದ್ದು ಸಲಹೆ, ಅವಳು ಕೊಟ್ಟಿದ್ದು ಅನುಭವ. ಹೆದರಿಸೋ ಆಟಕ್ಕಂತೂ ಅದೇ ಬೇಕು. ಹೆದರಿಕೆ ಒಬ್ಬೊಬ್ಬರದೂ ಒಂದೊಂದು, ಅದನ್ನ ಆ ಮನುಷ್ಯರೇ ಬಾಯಿ ಬಿಟ್ಟು ಹೇಳಬೇಕು.

ಇನ್ನು ನನ್ನ ಬಿಳೀ ಸೀರೆ ದೂರು? ಅದನ್ನ ಅವನು ತೆಗೆದಿಲ್ಲ. ಕೊನೇಲಿ ಆ ಹೆಂಗಸು ಈಗಲೂ ಬತ್ತಾಳೆ. ಕೇಳಿದ್ದಕ್ಕೆ "ಬರ್ಕೊಂಡಿದೀನಿ ಚಿಕ್ಕವ್ವ, ಇನ್ನೂ ಯೋಚ್ನೆ ಮಾಡ್ತಾವ್ನಿ" ಅಂದ. ನನಗೆ ಈಗಲೂ ಅದು ತಪ್ಪು ಅಂತಲೇ ಅನ್ಸೋದು, ಮುಂದಿನ ಸಲವೂ ಹೇಳ್ತೀನಿ. ಆದ್ರೆ ಅತ್ತಿಗೆಗೆ ಅಷ್ಟುದ್ದ ಬುದ್ಧಿ ಹೇಳಿ, ನನ್ನ ಮಾತು ನಡೀಲಿಲ್ಲ ಅಂತ ನಾನೇ ಮುನಿಸ್ಕೊಂಡ್ರೆ ಆಯ್ತದಾ?

ನಿಮ್ಮ ಮನೆ ಮಕ್ಕಳೂ ಏನೋ ಒಂದು ಮಾಡಿ ತಂದು ತೋರಿಸ್ತಾರೆ. ಚಿತ್ರ, ಹಾಡು, ರೀಲು, ಹೊಸ ಅಡುಗೆ. ದಯವಿಟ್ಟು "ಚೆನ್ನಾಗದೆ" ಅಂದು ಕಳಿಸಬ್ಯಾಡಿ. ಅದು ಪ್ರೀತಿ ಅಂತ ನಾವು ತಿಳ್ಕೊಂಡಿದೀವಿ, ಅವರಿಗೆ ಅದು ಬಾಗಿಲು ಹಾಕಿದಂಗೆ. ಎಲ್ಲಿ ಬ್ಯಾಸರ ಆಯ್ತು, ಎಲ್ಲಿ ಕೈ ನಿಂತ್ತು, ಎಲ್ಲಿ ನಿಮ್ಮದೇ ಏನೋ ಗ್ಯಾನಕ್ಕೆ ಬಂತು, ಅದನ್ನ ಹೇಳಿ. ಹೇಳಿ ಸುಮ್ಮನಾಗಿ.

ಅಕ್ಕ ಮೊನ್ನೆ ಮೊದಲ್ನೇ ಸಲ ಕೊನೇವರ್ಗೂ ಆಡಿದ್ಲು. ಮುಗಿಸಿ ಒಂದು ಗಳಿಗೆ ಸುಮ್ಮನಿದ್ದು ಕೇಳಿದ್ಲು: "ಆ ಹುಡುಗಿ ಸಂಜೆಯಿಂದ ಬೆಳಗಿನವರ್ಗೂ ಕೆಲಸ ಮಾಡ್ತದೆ. ಯಾರೂ ಒಂದು ಮುದ್ದೆ ಮುಚ್ಚಿಟ್ಟು ಹೋಗಿಲ್ವಲ್ಲೋ?"

ಅವನು ನೋಟ್‌ಬುಕ್ ತೆಗೆದು ಬರ್ಕೊಂಡ.