ಜಾಮೀನು ಸಿಕ್ಕ ಮೇಲೂ ಜೈಲೇ?

ದೇಶದ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನರು. ಅವರಲ್ಲಿ ಜಾಮೀನು ಮಂಜೂರಾಗಿಯೂ ಶ್ಯೂರಿಟಿ ಕೊಡಲಾಗದೆ ಒಳಗೇ ಉಳಿದವರಿಗೆ ಆಗುತ್ತಿರುವುದು ಅಪ್ಪಟ ಅನ್ಯಾಯ; ಅವರನ್ನು ಹಿಡಿದಿಟ್ಟಿರುವುದು ಬಡತನವೇ ಹೊರತು ಕಾನೂನಲ್ಲ. 1978ರ ಮೋತಿ ರಾಮ್ ಪ್ರಕರಣ ನೋಡಿ. ಗಾರೆ ಕೆಲಸದವನೊಬ್ಬನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟರೂ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಸಹೋದರ ಮುಂದೆ ಬಂದಾಗ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ನಿರಾಕರಿಸಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಗೆ ಇಳಿಸಿದರು. ಯಾದಗಿರಿ, ರಾಯಚೂರಿನಿಂದ ಹೈದರಾಬಾದಿಗೆ ಗುಳೆ ಬಂದ ಕೂಲಿಕಾರನಿಗೆ ಇಂದಿಗೂ ಸ್ಥಳೀಯ ಜಾಮೀನುದಾರ ಎಲ್ಲಿಂದ ಸಿಗಬೇಕು?

ಬಿಟ್ಟರೆ ಓಡಿಹೋಗುತ್ತಾರೆ ಎಂಬ ಆತಂಕ ಸುಳ್ಳಲ್ಲ, ನೊಂದವರಿಗಂತೂ ಅದು ಸಹಜ. ಆದರೆ ಜಾಮೀನು ಕೊಡುವಾಗಲೇ ನ್ಯಾಯಾಧೀಶರು ಅದನ್ನು ತೂಗಿ ನೋಡಿರುತ್ತಾರೆ, ವಿಚಾರಣೆಯೂ ನಿಲ್ಲುವುದಿಲ್ಲ. ಜಾಮೀನಾಗಿ 7 ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಬಡ ಕೈದಿಗಳ ಜಾಮೀನಿಗೆ ಹಣದ ನೆರವು ನೀಡುವ ಕೇಂದ್ರದ ಯೋಜನೆಯೂ ಇದೆ. ಇವು ಕಾಗದದಲ್ಲೇ ಉಳಿಯಬಾರದು. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಪಡೆಯುವುದು ಹಕ್ಕು. ನಿಮ್ಮವರು ಯಾರಾದರೂ ಹೀಗೆ ಸಿಲುಕಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ.